ಇಂಗ್ಲಿಷ್‌ನ ಸಾಲ-ಉದ್ರಿ ಮಾತುಗಳು: ಯಾರ ವಹಿಯೊಳಗಿಂದ ನೋಡಬೇಕು?

ಜಮಖಂಡಿ ಹುಡುಗಿ

ಎಲ್ಲಾರಿಗೂ ನಮಸ್ಕಾರ್ರಿ. ನಾ ವಿಜಯಪುರದಾಗ ರೂಮ್ ಮಾಡ್ಕೊಂಡು ಬ್ಯಾಂಕ್ ಪರೀಕ್ಷಾಕ್ಕ ಓದಾಕತ್ತೀನಿ. ಗಣಿತ, ರೀಸನಿಂಗ್ ಹೆಂಗೋ ನಡೀತೈತಿ. ಇಂಗ್ಲಿಷ್‌ನಾಗ ಈಡಿಯಮ್ ಬಂದ್ರ ಕೈಕಾಲು ಆಡಂಗಿಲ್ಲ, ಅದರಾಗೂ ರೊಕ್ಕದ ಮಾತು ಬಂದ್ರ ಮುಗದ ಹೋತು. ‘ಇನ್ ದ ರೆಡ್’, ‘ಆನ್ ದ ನೆವರ್-ನೆವರ್’, ‘ಆನ್ ಟಿಕ್’, ‘ರಾಬ್ ಪೀಟರ್ ಟು ಪೇ ಪಾಲ್’. ಕ್ಲಾಸಿನ್ಯಾಗ ಕೊಟ್ಟ ಹಾಳ್ಯಾಗ ಎದುರಿಗೊಂದೊಂದು ಅರ್ಥ ಬರದಾರ. ಇವತ್ತ ಬಾಯಿಪಾಠ ಮಾಡಿದ್ರ ನಾಳಿಗೆ ಮರತಿರ್ತೀನಿ.

ಕ್ರೆಡಿಟ್ ಅನ್ನೋದಂತೂ ತಲಿ ಕೆಡಿಸೈತಿ. ಅಕೌಂಟಿಗೆ ‘ಕ್ರೆಡಿಟೆಡ್’ ಅಂತ ಮೆಸೇಜ್ ಬಂದ್ರ ರೊಕ್ಕ ಬಂತು ಅಂತ ಖುಷಿ. ‘ಆನ್ ಕ್ರೆಡಿಟ್’ ಅಂದ್ರ ಉದ್ರಿ. ‘ಟೇಕ್ ದ ಕ್ರೆಡಿಟ್’ ಅಂದ್ರ ಹೆಸರು ತಗೊಳ್ಳೋದು. ಬಂದ ರೊಕ್ಕಕ್ಕೂ ಕೊಡಬೇಕಾದ ರೊಕ್ಕಕ್ಕೂ ಒಂದ ಮಾತು ಹೆಂಗ್ರಿ? ಬಾಯಿಪಾಠ ಬಿಟ್ಟು ತಿಳಕೊಳ್ಳೋ ದಾರಿ ಏನರ ಐತೇನು?

ಇಂಡಿ ಲಿಂಬಿ

ನೆವರ್-ನೆವರ್ ಭಾಳ ಸರಳ ಅದ ತಂಗಿ. ಕಿರಾಣಿ ಅಂಗಡ್ಯಾಗ ‘ಇಂದು ನಗದು, ನಾಳೆ ಉದ್ರಿ’ ಅಂತ ಬೋರ್ಡ್ ಹಾಕಿರ್ತಾರಲ್ಲ, ಅದ. ಆ ನಾಳೆನೂ ನೆವರ್, ಉದ್ರಿನೂ ನೆವರ್.

ಸಿಂದಗಿ ಮಾಸ್ತರ

ಲಿಂಬಿಯವರ, ಉಲ್ಟಾ ಹೇಳಿದ್ರಿ. ಆ ಬೋರ್ಡು ಅಂಗಡಿಯವನ ಮಾತು: ಉದ್ರಿ ಕೊಡಂಗಿಲ್ಲ ಅಂತ. ನೆವರ್-ನೆವರ್ ಕೊಂಡವನ ಮಾತು: ಉದ್ರಿ ಸಿಕ್ಕದ, ಕಂತು ಮಾತ್ರ ಮುಗಿಯಂಗಿಲ್ಲ ಅಂತ. ಇಂಗ್ಲೆಂಡಿನ ಮಂದಿ ಪೀಠೋಪಕರಣ, ಹೊಲಿಗಿ ಮಷಿನ್, ರೇಡಿಯೋ ಇಂಥವನ್ನ ಕಂತಿನ ಮ್ಯಾಲ ತಗೊಂಡು ತಮ್ಮನ್ನ ತಾವ ಚ್ಯಾಷ್ಟಿ ಮಾಡ್ಕೊಂಡು ಹಂಗ ಅಂತಿದ್ರು. ಈಗ ನಮ್ಮ ಹುಡುಗ್ರು ಇಎಂಐ ಮ್ಯಾಲ ಮೊಬೈಲ್ ತಗೊಂಡು, ಕಂತು ಮುಗಿಯೂದ್ರಾಗ ಮೊಬೈಲ್ ಮುಗಿದು, ಇನ್ನೊಂದು ತಗೋತಾರಲ್ಲ, ಅದು ಖರೇ ನೆವರ್-ನೆವರ್.

ಹುಡುಗಿ ಕೇಳಿದ್ದಕ್ಕ ನನ್ನ ಉತ್ತರ ಇಷ್ಟ. ಸಾಲದ ಮಾತಿಗೆ ಯಾವಾಗಲೂ ಇಬ್ಬರು ಇರ್ತಾರ. ಯಾರ ಬಾಯಿಂದ ಬಂದದ ಅಂತ ಮೊದಲು ನೋಡು, ಅರ್ಥ ಆಮ್ಯಾಲ ಹುಡುಕು.

ನಿವೃತ್ತ ಕ್ಯಾಷಿಯರ್, ಬಾಗಲಕೋಟೆ

ಮಾಸ್ತರ್ ಹೇಳಿದ್ದು ಸರಿ. ಬ್ಯಾಂಕಿನ ಭಾಷೆಯಲ್ಲಿ ಹೇಳೋದಾದರೆ, ಇದು ಯಾರ ವಹಿಯೊಳಗಿನ, ಅಂದರೆ ಯಾರ ಲೆಕ್ಕದ ಪುಸ್ತಕದೊಳಗಿನ, ಮಾತು ಅಂತ ಕೇಳಬೇಕು. ಕ್ರೆಡಿಟ್ ಗೊಂದಲ ಅಲ್ಲಿಗೇ ಬಿಚ್ಚಿಕೊಳ್ಳುತ್ತದೆ.

ನಿನ್ನ ಪಾಸ್‌ಬುಕ್ ನಿನ್ನ ಲೆಕ್ಕದ ಪುಸ್ತಕ ಅಲ್ಲವ್ವಾ. ಬ್ಯಾಂಕು ತನ್ನ ಖಾತೆ ಪುಸ್ತಕದಲ್ಲಿ ನಿನ್ನ ಹೆಸರಿನ ಪುಟದಲ್ಲಿ ಬರೆದುಕೊಂಡದ್ದರ ನಕಲು ಅದು. ನೀನು ಹತ್ತು ಸಾವಿರ ಕಟ್ಟಿದರೆ ಬ್ಯಾಂಕು ನಿನಗೆ ಹತ್ತು ಸಾವಿರ ಕೊಡಬೇಕಾಯಿತು. ಅಂದರೆ ಬ್ಯಾಂಕಿಗೆ ಅದು ಸಾಲ. ಕೊಡಬೇಕಾದ್ದನ್ನು ಬರೆಯುವ ಬದಿ ಕ್ರೆಡಿಟ್ ಬದಿ. ಅದಕ್ಕೇ ‘ಕ್ರೆಡಿಟೆಡ್’. ನೀನು ತೆಗೆದಾಗ ಬ್ಯಾಂಕಿನ ಋಣ ಅಷ್ಟು ಕಡಿಮೆ ಆಯಿತು, ‘ಡೆಬಿಟೆಡ್’. ಅದೇ ಹತ್ತು ಸಾವಿರವನ್ನು ನಿನ್ನ ಸ್ವಂತ ಕಿರ್ದಿ-ಖಾತೆಯಲ್ಲಿ ಬರೆದರೆ ಬ್ಯಾಂಕಿನ ಖಾತೆ ಡೆಬಿಟ್ ಬದಿಗೆ ಬರುತ್ತದೆ, ಯಾಕೆಂದರೆ ಅದು ನಿನಗೆ ಬರಬೇಕಾದ ರೊಕ್ಕ. ಬಿ.ಕಾಂ. ಮೊದಲ ವರ್ಷದ ಹುಡುಗರು ಎಲ್ಲರೂ ಇಲ್ಲಿ ಎಡವುತ್ತಾರೆ. ಕಾಲೇಜಿನಲ್ಲಿ ಡೆಬಿಟ್ ಅಂದರೆ ಬಂದದ್ದು ಅಂತ ಹೇಳಿಕೊಟ್ಟಿರುತ್ತಾರೆ, ಮೊಬೈಲಿನಲ್ಲಿ ಡೆಬಿಟ್ ಅಂದರೆ ಹೋದದ್ದು. ಎರಡೂ ಖರೆ. ವಹಿ ಬೇರೆ ಅಷ್ಟೆ.

ಶಬ್ದದ ಬೇರು ಲ್ಯಾಟಿನ್‌ನಲ್ಲಿ ‘ನಂಬು’ ಎನ್ನುವ ಅರ್ಥದ ಕ್ರಿಯಾಪದ. ನೀನು ಬ್ಯಾಂಕನ್ನು ನಂಬಿ ಇಟ್ಟೆ, ಬ್ಯಾಂಕಿನ ವಹಿಯಲ್ಲಿ ಕ್ರೆಡಿಟ್. ಅಂಗಡಿಯವನು ನಿನ್ನನ್ನು ನಂಬಿ ಕೊಟ್ಟ, ನಿನಗೆ ಆನ್ ಕ್ರೆಡಿಟ್. ಕೆಲಸ ನೀನೇ ಮಾಡಿದ್ದು ಅಂತ ಮಂದಿ ನಂಬಿದರು, ಗೆಟ್ ದ ಕ್ರೆಡಿಟ್. ‘ಗಿವ್ ಕ್ರೆಡಿಟ್ ವೇರ್ ಕ್ರೆಡಿಟ್ ಈಸ್ ಡ್ಯೂ’ ಎನ್ನುವುದರಲ್ಲಿ ಕ್ರೆಡಿಟ್, ಡ್ಯೂ ಎರಡೂ ವಹಿಯ ಮಾತೇ. ಸಲ್ಲಬೇಕಾದ ಹೆಸರು ಸಲ್ಲಬೇಕಾದವನ ಖಾತೆಗೆ ಜಮಾ ಆಗಲಿ ಅಂತ.

ಜಮಖಂಡಿ ಹುಡುಗಿ

ಸರ್, ಇದನ್ನ ಯಾರೂ ಹಿಂಗ ಹೇಳಿರ್ಲಿಲ್ರಿ. ಹಂಗಾದ್ರ ಓವರ್‌ಡ್ರಾಫ್ಟ್ (ಇದ್ದದ್ದಕ್ಕಿಂತ ಹೆಚ್ಚಿಗಿ ತಗದ) ಖಾತೆಯೊಳಗ ಅಂಕಿ ಮುಂದ ‘ಡಿಆರ್’, ಅಂದ್ರ ಡೆಬಿಟ್, ಅಂತ ಬರೋದು ಯಾಕಂದ್ರ, ಬ್ಯಾಂಕಿನ ವಹಿಯೊಳಗ ನಾವು ಕೊಡಬೇಕಾದವರು. ಸರಿ ಏನ್ರಿ?

ನಿವೃತ್ತ ಕ್ಯಾಷಿಯರ್, ಬಾಗಲಕೋಟೆ

ಸರಿ. ಸಂದರ್ಶನದಲ್ಲಿ ಕೇಳಿದರೂ ಇದೇ ಹೇಳು.

ಖಡೇಬಜಾರ ಗುಮಾಸ್ತ

‘ಇನ್ ದ ರೆಡ್’ ನಮ್ಮ ಮಂದಿ ತಲ್ಯಾಗ ಯಾಕ ಕೂಡ್ರಂಗಿಲ್ಲ ಅಂದ್ರ, ನಮ್ಮ ಪ್ಯಾಟ್ಯಾಗ ಕೆಂಪು ಅಂದ್ರ ಲಕ್ಷ್ಮಿ. ನಾ ಬೆಳಗಾವ್ಯಾಗ ಬಟ್ಟಿ ಅಂಗಡ್ಯಾಗ ಲೆಕ್ಕ ಬರಿಯಾಂವ. ಲೆಕ್ಕ ಎಲ್ಲಾ ಈಗ ಕಂಪ್ಯೂಟರಿನ್ಯಾಗ ಐತಿ, ಆದ್ರೂ ದೀಪಾವಳಿ ಬಂದ್ರ ವಹಿ ಬರಾಕಬೇಕು. ಕೆಂಪು ಅರಿವಿ ಹೊದಿಕಿ, ಬಿಳಿ ದಾರದ ಹೊಲಿಗಿ, ಉದ್ದಕ್ಕ ಮಡಚೋ ಹಾಳಿ, ಸುತ್ತಿ ಕಟ್ಟಾಕ ಒಂದು ಹುರಿ. ಮೊದಲನೇ ಹಾಳಿಗೆ ಕುಂಕುಮದ ಸ್ವಸ್ತಿಕ, ಬಾಜೂಕ ಶುಭ-ಲಾಭ. ಆ ಪುಟದಾಗ ವರ್ಷಪೂರ್ತಿ ಒಂದ ಅಂಕಿನೂ ಬೀಳಂಗಿಲ್ಲ, ಆದ್ರೂ ಮಾಲಕ್ರು ಅದನ್ನ ತಿಜೋರಿಯೊಳಗ ಇಡ್ತಾರ. 2019ರ ಜುಲೈ 5ಕ್ಕ ನಿರ್ಮಲಾ ಸೀತಾರಾಮನ್ ಅವರು ಬಜೆಟ್ ಕಾಗದ ಸೂಟ್‌ಕೇಸಿನ್ಯಾಗ ತರದ ಕೆಂಪು ಅರಿವ್ಯಾಗ ಸುತ್ತಿ ತಂದಿದ್ರಲ್ಲ, ಅದು ಈ ವಹಿಯ ರೂಪ.

ಇಂಗ್ಲಿಷಿನವರದು ಹೊದಿಕಿ ಬಣ್ಣ ಅಲ್ಲ, ಒಳಗಿನ ಶಾಯಿ ಬಣ್ಣ. ಕೊರತಿ ಬಿದ್ದ ಅಂಕಿ ಕೆಂಪು ಶಾಯಿಯೊಳಗ, ಉಳಿದದ್ದು ಕಪ್ಪಿನ್ಯಾಗ. ಅದಕ್ಕ ‘ಇನ್ ದ ಬ್ಲ್ಯಾಕ್’ ಅಂದ್ರ ಛೊಲೋ ಸುದ್ದಿ, ಧಂದೆ ಲಾಭದಾಗ ಐತಿ ಅಂತ. ನಮ್ಮ ಹುಡುಗ್ರು ಇದನ್ನ ಕಪ್ಪುಹಣ ಅಂತ ತಿಳಕೊಂಡು ತಪ್ಪು ಟಿಕ್ ಹಾಕ್ತಾರ. ಎರಡಕ್ಕೂ ಸಂಬಂಧ ಇಲ್ಲ.

ಇನ್ನೊಂದು ‘ಕ್ಲೀನ್ ಸ್ಲೇಟ್’. ಅಲ್ಲಿ ಹೆಂಡದಂಗಡ್ಯಾಗ ಗಿರಾಕಿಗಳ ಬಾಕಿ ಪಾಟಿ ಮ್ಯಾಲ ಬಳಪದ್ಲೆ ಬರೀತಿದ್ರು. ರೊಕ್ಕ ಕೊಟ್ಟ ಮ್ಯಾಲ ಒರಸೋದು. ‘ಪುಟ್ ಇಟ್ ಆನ್ ದ ಸ್ಲೇಟ್’ ಅಂದ್ರ ಲೆಕ್ಕಕ್ಕ ಹಚ್ಚು ಅಂತ, ‘ವೈಪ್ ದ ಸ್ಲೇಟ್ ಕ್ಲೀನ್’ ಅಂದ್ರ ಹಿಂದಿಂದೆಲ್ಲ ಬಿಟ್ಟು ಹೊಸದಾಗಿ ಸುರು ಮಾಡೋದು. ಪಾಡ್ಯದ ಹೊಸ ವಹಿ ಹಂಗಲ್ಲ ನೋಡ್ರಿ. ಪುಸ್ತಕ ಹೊಸದು, ಬಾಕಿ ಹಳೇದು. ಹಳೇ ವಹಿಯ ಬಾಕಿ ಎಲ್ಲಾ ಎತ್ತಿ ಮೊದಲ ಹೊಸದಕ್ಕ ಒಯ್ದು, ಆಮ್ಯಾಲ ಮುಂದಿನ ವ್ಯವಹಾರ. ಪೂಜಾದ ದಿನ ಅಂಗಡಿಗೆ ಪೇಡೆ ತಿನ್ನಾಕ ಬಂದ ಗಿರಾಕಿಗೆ ಇದು ತಿಳಿದಿರ್ತೈತಿ, ತಿಳೀದಂಗ ನಗತಾನ.

ಇಂಡಿ ಲಿಂಬಿ

ನಾ ಪೇಡೆ ಅಷ್ಟ ತಿಂದು ಬರಾಂವ. ನನ್ನ ಕೇಳಬ್ಯಾಡ್ರಿ.

ಖಡೇಬಜಾರ ಗುಮಾಸ್ತ

ಇರ್ಲಿ ಲಿಂಬಿ ಅಣ್ಣಾ, ನಿಮ್ಮ ಬಾಕಿನೂ ಮುಂದ ಒಯ್ದೀನಿ.

ಹುಡುಗಿಗೆ ಇನ್ನೊಂದು ಹೇಳ್ತೀನಿ, ಇದು ನನಗ ಭಾಳ ಸೇರಿದ್ದು. ನಾವು ದಿನಾ ಕುಂಡ್ರೋದ ಟ್ಯಾಲಿ ಸಾಫ್ಟ್‌ವೇರ್ ಮುಂದ. ಬೆಂಗಳೂರಿನ ಕಂಪನಿದು. ಆ ಹೆಸರು ಒಂದು ಕಟ್ಟಿಗಿ ತುಂಡಿಂದು. ಇಂಗ್ಲೆಂಡಿನ ಖಜಾನ್ಯಾಗ ಹನ್ನೆರಡನೇ ಶತಮಾನದಿಂದ ರೊಕ್ಕ ಕಟ್ಟಿದ್ದಕ್ಕ ಪಾವತಿ ಚೀಟಿ ಅಂದ್ರ ಕಾಗದ ಅಲ್ಲ, ಒಂದು ಬಡಗಿ, ಅಂದ್ರ ಕಟ್ಟಿಗಿ ಕೋಲು. ಅದರ ಮ್ಯಾಲ ಗೆರಿ ಕೊರಿಯೋದು. ಸಾವಿರ ಪೌಂಡಿಗೆ ಅಂಗೈ ದಪ್ಪದಷ್ಟು, ನೂರಕ್ಕ ಹೆಬ್ಬೆರಳಿನಷ್ಟು, ಇಪ್ಪತ್ತಕ್ಕ ಕಿರಿಬೆರಳಿನಷ್ಟು, ಒಂದು ಪೌಂಡಿಗೆ ಒಂದು ಬಾರ್ಲಿ ಕಾಳಿನಷ್ಟು. ಕೊರದಾದ ಮ್ಯಾಲ ಬಡಗಿ ಉದ್ದಕ್ಕ ಸೀಳಿ ಎರಡು ಮಾಡೋದು. ಗೆರಿ ಎರಡರ ಮ್ಯಾಲೂ ಬಂತಲ್ಲ! ಉದ್ದನ್ನ ತುಂಡು ರೊಕ್ಕ ಕೊಟ್ಟವನ ಕೈಯಾಗ, ಅದರ ಹೆಸರು ಸ್ಟಾಕ್. ಗಿಡ್ಡದು ಇಸ್ಕೊಂಡವನ ಕೈಯಾಗ, ಅದು ಫಾಯಿಲ್. ಲೆಕ್ಕದ ದಿನ ಎರಡೂ ಕೂಡ್ಸಿ ನೋಡೋದು. ಒಬ್ಬ ಕಳ್ಳತನದ್ಲೆ ಒಂದು ಗೆರಿ ಹೆಚ್ಚಿಗಿ ಕೊರದಿದ್ರ ಕೂಡಂಗಿಲ್ಲ. ‘ಇಟ್ ಡಸಂಟ್ ಟ್ಯಾಲಿ’ ಅಂದ್ರ ಅದ. ಚೆಕ್‌ಬುಕ್ಕಿನ್ಯಾಗ ಉಳಿಯೋ ತುಂಡಿಗೆ ಕೌಂಟರ್‌ಫಾಯಿಲ್ ಅಂತೀವಲ್ಲ, ಅದರಾಗೂ ಆ ಫಾಯಿಲ್ ಐತಿ.

1826ಕ್ಕ ಈ ಪದ್ಧತಿ ನಿಂತು, ರಾಶಿ ಬಿದ್ದಿದ್ದ ಹಳೇ ಬಡಗಿಗಳನ್ನ 1834ರ ಅಕ್ಟೋಬರ್ 16ಕ್ಕ ಪಾರ್ಲಿಮೆಂಟಿನ ಒಲ್ಯಾಗ ಹಾಕಿ ಸುಟ್ರು. ಬೆಂಕಿ ಹೆಚ್ಚಾಗಿ ಪಾರ್ಲಿಮೆಂಟ್ ಕಟ್ಟಡನ ಸುಟ್ಟು ಹೋತು. ಹಳೇ ಲೆಕ್ಕ ಸುಡಾಕ ಹೋದ್ರ ಏನಾಗ್ತದ ಅಂತ ನಮ್ಮ ಮಾಲಕ್ರಿಗೆ ಈ ಕಥಿ ಹೇಳಿದ್ದೆ. ಅವತ್ತಿಂದ ಹಳೇ ಪಾವತಿ ರದ್ದಿಗೆ ಹಾಕಂಗಿಲ್ಲ.

ಘಟಪ್ರಭಾ ದಂಡಿ

ನೀವೆಲ್ಲಾ ಸಾಲಗಾರ ಅಂದ್ರ ರೈತ, ಸಾವಕಾರ ಅಂದ್ರ ಪ್ಯಾಟಿಯವ ಅಂತ ಹಿಡದ ಮಾತಾಡಾಕತ್ತೀರಿ. ನಾ ಮುಧೋಳ ಕಡೆಯಾಂವ, ಕಬ್ಬು ಬೆಳಿಯಾಂವ. ಕಬ್ಬು ಕಾರ್ಖಾನಿಗೆ ಹೋದ ದಿನದಿಂದ ಬಿಲ್ ಬರೂತನಕ ಕ್ರೆಡಿಟರ್ ಯಾರ್ರಿ? ನಾ. 1966ರ ಕಬ್ಬು ನಿಯಂತ್ರಣ ಆದೇಶದಾಗ ಸ್ಪಷ್ಟ ಐತಿ, ಕಬ್ಬು ಮುಟ್ಟಿಸಿದ 14 ದಿನದೊಳಗ ರೊಕ್ಕ ಕೊಡಬೇಕು, ಇಲ್ಲಂದ್ರ ವರ್ಷಕ್ಕ ಶೇ 15ರ ಬಡ್ಡಿ ಹಚ್ಚಿ ಕೊಡಬೇಕು. ನಾ ಸೊಸೈಟಿ ಸಾಲ ಒಂದು ತಿಂಗಳು ತಡಾ ಮಾಡಿದ್ರ ‘ಡಿಫಾಲ್ಟರ್’. ಕಾರ್ಖಾನಿ ತಡಾ ಮಾಡಿದ್ರ ಅದಕ್ಕ ‘ಅರಿಯರ್ಸ್’. ಒಂದ ಬಾಕಿಗೆ ಎರಡು ಇಂಗ್ಲಿಷು. ಮಾಸ್ತರ ಹೇಳಿದಂಗ ಯಾರ ಬಾಯಿಂದ ಬಂತು ಅಂತ ನೋಡಬೇಕು, ಖರೇ.

ಆ ಶೇ 15 ಇಸ್ಕೊಂಡ ರೈತನ್ನ ಯಾರರ ನೋಡೀರೇನ? ನಾ ಅಂತೂ ನೋಡಿಲ್ಲ. ಬಡ್ಡಿ ಕೇಳಾಕ ಹೋದ್ರ ಮುಂದಿನ ಹಂಗಾಮಿಗೆ ಕಟಾವಿನ ಪಾಳಿ ಹಿಂದ ಬೀಳ್ತೈತಿ ಅಂತ ಅಂಜಿಕಿ.

ಸಿಂದಗಿ ಮಾಸ್ತರ

ದಂಡಿಯವರ, ಇದಕ್ಕ ಇಂಗ್ಲಿಷ್‌ನಾಗ ‘ಓವರ್ ಎ ಬ್ಯಾರಲ್’ ಅಂತಾರ. ಹಕ್ಕು ನಿಮ್ಮದಾದ್ರೂ ಹಿಡಿತ ಅವರ ಕೈಯಾಗ.

ಹುಡುಗಿ ಕೇಳಿದ ಉಳಿದವನ್ನ ಲಗೂನ ಮುಗಸ್ತೀನಿ. ‘ಆನ್ ಟಿಕ್’ ಅಂದ್ರ ಉದ್ರಿ ಮ್ಯಾಲ. ಟಿಕೆಟ್ ಅನ್ನೋದನ್ನ ಗಿಡ್ಡ ಮಾಡಿದ್ದು, ಹದಿನೇಳನೇ ಶತಮಾನದ್ದು, ಬಾಕಿ ಬರದ ಚೀಟಿಗೆ ಟಿಕೆಟ್ ಅಂತಿದ್ರು. ಗಡಿಯಾರದ ಟಿಕ್‌ಗೂ ಸರಿ ಉತ್ತರದ ಟಿಕ್‌ಗೂ ಅದಕ್ಕೂ ಸಂಬಂಧ ಇಲ್ಲ.

‘ಆನ್ ದ ನೇಲ್’ ಇದಕ್ಕ ಪಕ್ಕಾ ವಿರುದ್ಧ. ಕೈಯಾಗಿಂದ ಕೈಗೆ, ಅಲ್ಲೇ ರೋಖ. ಬ್ರಿಸ್ಟಲ್ ಊರಿನ ಕಾರ್ನ್ ಸ್ಟ್ರೀಟಿನ್ಯಾಗ ವ್ಯಾಪಾರಸ್ಥರು ರೊಕ್ಕ ಎಣಿಸಿ ಇಡತಿದ್ದ ನಾಲ್ಕು ಕಂಚಿನ ಗಿಡ್ಡ ಕಂಬ ಇನ್ನೂ ಅದಾವ, ಅವಕ್ಕ ನೇಲ್ಸ್ ಅಂತಾರ. ಮಾತು ಅಲ್ಲಿಂದ ಹುಟ್ಟಿತು ಅಂತ ಊರಿನವರು ಹೇಳ್ತಾರ. ಹಂಗ ಮೂಲ ಕೂಡಿಸೋ ಕಥಿಗಳನ್ನ ನಾ ಲಗೂನ ನಂಬಂಗಿಲ್ಲ, ಆದ್ರ ನೆನಪಿಡಾಕ ಛೊಲೋ.

‘ರಾಬ್ ಪೀಟರ್ ಟು ಪೇ ಪಾಲ್’, ಅಂದ್ರ ಪೀಟರ್‌ನ ಸುಲಿದು ಪಾಲ್‌ಗೆ ಕೊಡೋದು, ಆ ಕಥೀನೂ ಹಂಗ. ಲಂಡನ್ನಿನ ಸೇಂಟ್ ಪೀಟರ್ ಚರ್ಚಿನ ಆಸ್ತಿ ತಗದು ಸೇಂಟ್ ಪಾಲ್ ಚರ್ಚಿನ ರಿಪೇರಿಗೆ ಕೊಟ್ರು, ಅದಕ್ಕ ಈ ಮಾತು ಅಂತಾರ. ಅದು ಹದಿನಾರನೇ ಶತಮಾನದ ಘಟನಾ, ಮಾತು ಅದಕ್ಕಿಂತ ಹಳೇದು. ಅರ್ಥ ಮಾತ್ರ ನಮಗ ಯಾರೂ ಹೇಳಿಕೊಡಬೇಕಾಗಿಲ್ಲ. ಮಾರ್ಚ್ ಕೊನೀಗೆ ಕೈಗಡ ತಂದು ಸೊಸೈಟಿ ಸಾಲ ತುಂಬಿ, ರಿನಿವಲ್ ಮಾಡಿಸಿ, ಬಂದ ರೊಕ್ಕದಾಗ ಕೈಗಡ ತೀರಿಸಿ, ಆ ನಾಲ್ಕು ದಿನದ ಬಡ್ಡಿ ಮೈಮ್ಯಾಲ ಹಾಕ್ಕೊಂಡು ಬರೋದು. ಪೀಟರ್ ಸಾವಕಾರ, ಪಾಲ್ ಸೊಸೈಟಿ. ಇಲ್ಲಿ ಸುಲಿಗಿ ಆದಾಂವ ಪೀಟರೂ ಅಲ್ಲ, ಪಾಲೂ ಅಲ್ಲ.

ಗುಳೇದಗುಡ್ಡದ ಅಕ್ಕ

ನಡುವ ಬರಾಕತ್ತೀನಿ, ಕ್ಷಮಿಸ್ರಿ. ನನಗ ಪರೀಕ್ಷಾ ಇಲ್ಲ, ಮನೀದ ಒಂದು ಗೊಂದಲ ಐತಿ. ನನ್ನ ತಮ್ಮ ಮಗ್ಗಕ್ಕಂತ ಒಂದು ಕಡೆ ಸಾಲ ತಗೊಂಡಿದ್ದ. ಕೊರೊನಾದಾಗ ಖಣದ ಮಾಲು ಹೋಗಲಾರದ ಕಂತು ನಿಂತ್ವು. ಆಮ್ಯಾಲ ಅವರ ಕರದು, ಇಷ್ಟು ಒಮ್ಮಿಗೇ ತುಂಬ್ರಿ, ಉಳಿದದ್ದು ಬಿಡ್ತೀವಿ ಅಂದ್ರು. ಬಂಗಾರ ಗಿರವಿ ಇಟ್ಟು ತುಂಬಿದ್ವಿ. ಪತ್ರದಾಗ ‘ಸೆಟಲ್ಡ್’ ಅಂತ ಬರದು ಕೊಟ್ರು. ವ್ಯವಹಾರ ಬಗೀಹರೀತು ಅಂತ ನಾವು ಆರಾಮ ಇದ್ವಿ. ಈಗ ಮನಿ ಕಟ್ಟಾಕ ಸಾಲಕ್ಕ ಹೋದ್ರ ನಿಮ್ಮ ಸಿಬಿಲ್‌ನಾಗ ‘ಸೆಟಲ್ಡ್’ ಐತಿ, ಆಗಂಗಿಲ್ಲ ಅಂದ್ರಂತ. ಸೆಟಲ್ ಆಗಿದ್ದ ತಪ್ಪೇನ್ರಿ? ಸೆಟಲ್ ಆಗಲಾರದಿದ್ರ ಛೊಲೋ ಇತ್ತೇನ?

ನಿವೃತ್ತ ಕ್ಯಾಷಿಯರ್, ಬಾಗಲಕೋಟೆ

ಅಕ್ಕಾರ, ಕ್ಷಮೆ ಯಾಕೆ, ಇಷ್ಟು ಹೊತ್ತು ಮಾತಾಡಿದ್ದಕ್ಕೆಲ್ಲ ನಿಮ್ಮ ಪತ್ರವೇ ಉದಾಹರಣೆ.

‘ಸೆಟಲ್ಡ್’ ನಿಮ್ಮ ಬದಿಯಿಂದ ನೋಡಿದರೆ ಜಗಳ ಮುಗಿಯಿತು. ಸಾಲ ಕೊಟ್ಟವರ ವಹಿಯಿಂದ ನೋಡಿದರೆ, ಬರಬೇಕಾದ್ದಕ್ಕಿಂತ ಕಡಿಮೆ ಇಸ್ಕೊಂಡು ಉಳಿದದ್ದನ್ನು ನಷ್ಟಕ್ಕೆ ಹಾಕಿಕೊಂಡೆವು ಅಂತ. ಸಿಬಿಲ್‌ನಂಥ ಕ್ರೆಡಿಟ್ ವರದಿ, ಅಂದರೆ ಯಾರು ಸಾಲ ಹೇಗೆ ತೀರಿಸಿದರು ಎನ್ನುವ ದಾಖಲೆ, ಬರೆಯುವುದು ಸಾಲ ಕೊಡುವವರಿಗಾಗಿ. ಅದನ್ನು ಓದುವ ಮುಂದಿನ ಬ್ಯಾಂಕಿಗೆ ಕಾಣುವುದು, ಈ ಮನುಷ್ಯ ಹಿಂದಿನವರಿಗೆ ಪೂರ್ತಿ ಕೊಟ್ಟಿಲ್ಲ ಎನ್ನುವುದು ಮಾತ್ರ. ಪೂರ್ತಿ ತುಂಬಿ ಮುಗಿಸಿದ ಸಾಲಕ್ಕೆ ಅಲ್ಲಿ ಬರುವ ಮಾತು ‘ಕ್ಲೋಸ್ಡ್’. ನಿಮ್ಮ ತಮ್ಮ ತಪ್ಪು ಮಾಡಿದರು ಅಂತ ನಾನು ಹೇಳುವುದಿಲ್ಲ. ಮಗ್ಗ ನಿಂತಾಗ ಬೇರೆ ದಾರಿ ಇರಲಿಲ್ಲ. ಆದರೆ ಸಹಿ ಹಾಕಿಸಿಕೊಳ್ಳುವಾಗ ಈ ಮಾತಿನ ಬೆಲೆ ಏನು ಅಂತ ಹೇಳಬೇಕಿತ್ತು.

ಇದೇ ಸಾಲಿನಲ್ಲಿ ‘ರಿಟನ್ ಆಫ್’ ಅಂತ ಇನ್ನೊಂದಿದೆ, ಅದು ಇದಕ್ಕಿಂತ ಕೆಟ್ಟದ್ದು. ಮಂದಿ ಅದನ್ನು ಮನ್ನಾ ಅಂತ ತಿಳಿಯುತ್ತಾರೆ. ಮನ್ನಾಕ್ಕೆ ಇಂಗ್ಲಿಷ್ ‘ವೇವರ್’. ವೇವರ್ ಆದರೆ ಸಾಲವೇ ಹೋಯಿತು, ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಸಾಲದ ಬೋಜಾ ಇದ್ದರೆ ಅದನ್ನೂ ತೆಗೆಸಿಕೊಳ್ಳಬಹುದು. ರೈಟ್-ಆಫ್ ಆದರೆ ಬ್ಯಾಂಕು ತನ್ನ ಆಸ್ತಿಯ ಪಟ್ಟಿಯಿಂದ ಆ ಅಂಕಿಯನ್ನು ಇಳಿಸಿತು, ನಿಮ್ಮ ಮೇಲಿನ ಸಾಲ ಇದ್ದಲ್ಲೇ ಇರುತ್ತದೆ. ನೋಟೀಸು ಬರುತ್ತದೆ, ಕೇಸು ನಡೆಯುತ್ತದೆ, ಜಾಮೀನುದಾರನನ್ನೂ ಕೇಳುತ್ತಾರೆ.

ಘಟಪ್ರಭಾ ದಂಡಿ

ಕ್ಯಾಷಿಯರ್ ಸಾಹೇಬ್ರ, ಇಲ್ಲಿ ನಾ ಒಪ್ಪಂಗಿಲ್ಲ. ಪೇಪರಿನ್ಯಾಗ ದೊಡ್ಡ ದೊಡ್ಡ ಕಂಪನಿ ಸಾಲ ರೈಟ್-ಆಫ್ ಮಾಡಿದ್ರು ಅಂತ ಬರ್ತೈತಿ. ಕೇಳಿದ್ರ ಅದು ಮನ್ನಾ ಅಲ್ರಿ, ಬರೇ ಲೆಕ್ಕಾಚಾರ ಅಂತ ನಿಮ್ಮಂಗ ಹೇಳ್ತಾರ. ರೈತಂದು ಮನ್ನಾ ಆದ್ರ ಮಾತ್ರ ದೇಶ ಹಾಳಾತು ಅಂತ ಬೊಬ್ಬಿ. ಅವರದು ಲೆಕ್ಕಾಚಾರ, ನಮ್ಮದು ಭಿಕ್ಷಾ?

ನಿವೃತ್ತ ಕ್ಯಾಷಿಯರ್, ಬಾಗಲಕೋಟೆ

ಸಿಟ್ಟು ನ್ಯಾಯದ್ದೇ. ನಾನು ಹೇಳಿದ್ದು ಕಾನೂನಿನ ಮಾತು: ರೈಟ್-ಆಫ್ ಆದರೂ ವಸೂಲಿ ಮಾಡುವ ಹಕ್ಕು ಉಳಿಯುತ್ತದೆ. ಹಕ್ಕು ಉಳಿಯಿತು ಅಂದ ಮಾತ್ರಕ್ಕೆ ರೊಕ್ಕ ಪೂರಾ ಬರುತ್ತದೆ ಅಂತಲ್ಲ. ಮುಳುಗಿದ ಕಂಪನಿಯ ಆಸ್ತಿ ಹರಾಜಾಗಿ ಬರುವ ಹೊತ್ತಿಗೆ ಬ್ಯಾಂಕಿನ ಪಾಲಿಗೆ ಸಿಗುವುದು ಅಸಲಿನ ತುಣುಕು. ಅದಕ್ಕೂ ಒಂದು ಮಾತಿದೆ, ‘ಟೇಕ್ ಎ ಹೇರ್‌ಕಟ್’. ಬರಬೇಕಾದ್ದರಲ್ಲಿ ಒಂದಿಷ್ಟು ಕತ್ತರಿಸಿಕೊಂಡು ಬಿಡುವುದು. ಕೂದಲು ಮತ್ತೆ ಬೆಳೆಯುತ್ತದೆ, ಈ ರೊಕ್ಕ ಬೆಳೆಯುವುದಿಲ್ಲ. ಇಂಥ ನಾಜೂಕಿನ ಮಾತು ಯಾಕೆ ಹುಟ್ಟುತ್ತವೆ ಅಂತ ನೀವೇ ಯೋಚಿಸಿ.

ಮನ್ನಾದಲ್ಲೂ ಪೂರ್ತಿ ಮಾಫಿ ಎಲ್ಲರಿಗೂ ಆಗಿಲ್ಲ. 2008ರ ಕೇಂದ್ರದ ಯೋಜನೆಯಲ್ಲಿ ಸಣ್ಣ, ಅತಿಸಣ್ಣ ರೈತರ ಬಾಕಿ ಪೂರ್ತಿ ಬಿಟ್ಟರು. ದೊಡ್ಡ ಹಿಡುವಳಿಯವರು ಮುಕ್ಕಾಲು ಪಾಲು ತುಂಬಿದರೆ ಕಾಲು ಪಾಲು ಬಿಡುವುದಾಗಿತ್ತು. ಈ ಎರಡನೆಯದು ಹೆಚ್ಚುಕಡಿಮೆ ಸೆಟಲ್‌ಮೆಂಟೇ. ನಮ್ಮ ರಾಜ್ಯದಲ್ಲಿ 2017ರಲ್ಲಿ ಸಹಕಾರಿ ಸಂಘಗಳ ಬೆಳೆಸಾಲದಲ್ಲಿ 50,000 ರೂಪಾಯಿವರೆಗೆ, 2018ರ ಜುಲೈ ಬಜೆಟ್ಟಿನಲ್ಲಿ 2 ಲಕ್ಷದವರೆಗೆ ಮನ್ನಾ ಘೋಷಣೆ ಆಯಿತು. ಪಟ್ಟಿಯಲ್ಲಿ ಹೆಸರು ಬಂತೋ ಇಲ್ಲವೋ ಅಂತ ಮಂದಿ ಎಷ್ಟು ಅಲೆದರು ಎನ್ನುವುದನ್ನು ಕೌಂಟರಿನ ಒಳಗಿನಿಂದ ನೋಡಿದ್ದೇನೆ.

ಜಮಖಂಡಿ ಹುಡುಗಿ

ಇನ್ನೊಂದು ಕೇಳ್ತೀನ್ರಿ. ‘ಗಿವ್ ಎ ಬ್ಲ್ಯಾಂಕ್ ಚೆಕ್’ ಅಂದ್ರ ಪೂರ್ಣ ಸ್ವಾತಂತ್ರ್ಯ ಕೊಡೋದು ಅಂತ ಹಾಳ್ಯಾಗ ಐತಿ. ನಮ್ಮ ಅಪ್ಪಾಜಿಗೆ ಓದಿ ಹೇಳಿದ್ರ ಮುಖ ಸಣ್ಣದು ಮಾಡ್ಕೊಂಡ್ರು.

ಘಟಪ್ರಭಾ ದಂಡಿ

ಮಾಡ್ಕೊಳ್ಳಾಕ ಬೇಕಲ್ಲ. ಪುಸ್ತಕದಾಗ ಖಾಲಿ ಚೆಕ್ ಕೊಡಾಂವ ದೊಡ್ಡವ, ನಿನಗ ಎಷ್ಟು ಬೇಕೋ ಬರಕೋ ಅಂತಾನ. ನಮ್ಮಲ್ಲಿ ಖಾಲಿ ಚೆಕ್ ಕೊಡಾಂವ ಸಾಲ ಇಸ್ಕೊಳ್ಳಾಂವ. ಸಹಿ ಮಾಡಿ ಅಂಕಿ ಬರೀದ ಸಾವಕಾರನ ಕೈಯಾಗ ಕೊಟ್ಟು, ಅವ ಎಷ್ಟು ಬರಕೋತಾನೋ ಅಂತ ರಾತ್ರಿ ನಿದ್ದಿಗೆಡಾಂವ. ಬಡ್ಡಿ ತುಂಬಿದ್ದಕ್ಕ ಚೀಟಿ ಇಲ್ಲ, ಚೆಕ್ ಮಾತ್ರ ಅವನ ಪೆಟ್ಟಿಗ್ಯಾಗ.

ನಿವೃತ್ತ ಕ್ಯಾಷಿಯರ್, ಬಾಗಲಕೋಟೆ

ಕಾನೂನೂ ಇಲ್ಲಿ ಸಹಿ ಮಾಡಿದವನಿಗೆ ಬಿಗಿ. ಖಾಲಿ ಚೆಕ್ಕಿಗೆ ತಾನಾಗಿ ಸಹಿ ಮಾಡಿ ಕೊಟ್ಟಿದ್ದರೆ, ಅಂಕಿಯನ್ನು ಬೇರೆಯವರು ತುಂಬಿದ್ದರೂ ಅದು ಸಾಲಕ್ಕಾಗಿ ಕೊಟ್ಟದ್ದು ಅಂತಲೇ ಕೋರ್ಟು ಹಿಡಿದು ಹೊರಡುತ್ತದೆ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲ ಅಂತ ತೋರಿಸುವ ಭಾರ ಸಹಿ ಮಾಡಿದವನ ಮೇಲೆ. ಚೆಕ್ ‘ಬೌನ್ಸ್’ ಆದರೆ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಕೆಳಗೆ ಎರಡು ವರ್ಷದವರೆಗೆ ಜೈಲು, ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ ಆಗಬಹುದು.

ಜಾಮೀನೂ ಇದೇ ಜಾತಿ. ನಮ್ಮೂರ ಕಡೆ ‘ಬರೇ ಒಂದು ಸಹಿ ಹಾಕ್ರಿ ಕಾಕಾ’ ಅಂತ ಕರೆದುಕೊಂಡು ಬರುತ್ತಾರೆ. 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ, ಕರಾರಿನಲ್ಲಿ ಬೇರೆ ಬರೆಯದಿದ್ದರೆ. ಮೊದಲು ಅವನನ್ನು ಹಿಡಿಯಿರಿ, ಆಮೇಲೆ ನನ್ನ ಹತ್ತಿರ ಬನ್ನಿ ಅಂತ ಹೇಳುವ ಹಾಗಿಲ್ಲ. ಆದರೆ ಪೂರ್ತಿ ತುಂಬಿದ ಜಾಮೀನುದಾರನಿಗೆ ಬ್ಯಾಂಕಿಗಿದ್ದ ಹಕ್ಕೆಲ್ಲ ಬರುತ್ತದೆ, ಸಾಲಗಾರನಿಂದ ವಸೂಲು ಮಾಡಬಹುದು. ಇದನ್ನು ವಕೀಲರು ‘ಸ್ಟೆಪ್ಸ್ ಇನ್‌ಟು ದ ಷೂಸ್’ ಎನ್ನುತ್ತಾರೆ. ಪರೀಕ್ಷೆಗೂ ಉಪಯೋಗ, ಕಾಕಾನವರಿಗೂ ಉಪಯೋಗ.

ಇಂಡಿ ಲಿಂಬಿ

‘ಪೌಂಡ್ ಆಫ್ ಫ್ಲೆಶ್’, ಅಂದ್ರ ಒಂದು ಪೌಂಡ್ ಮಾಂಸ, ಅದನ್ನ ಬಿಟ್ರಲ್ಲ ಮಾಸ್ತರ. ಮೀಟರ್ ಬಡ್ಡಿಯವರಿಗೆ ಅದ ಸರಿ ನೋಡ್ರಿ.

ಸಿಂದಗಿ ಮಾಸ್ತರ

ಸ್ವಲ್ಪ ಬ್ಯಾರೆ ಅದ. ಶೇಕ್ಸ್‌ಪಿಯರನ ನಾಟಕದಿಂದ ಬಂದ ಮಾತು ಅದು. ಕರಾರಿನ್ಯಾಗ ಬರದಾರ, ಅದಕ್ಕ ನನಗ ಅದ ಬೇಕು ಅಂತ ಹಟ ಹಿಡಿಯೋದು. ಕಾಗದದ ಪ್ರಕಾರ ಹಕ್ಕು ಇರ್ತದ, ಮನುಷ್ಯತ್ವ ಇರಂಗಿಲ್ಲ. ಮೀಟರ್ ಬಡ್ಡಿಯವಗ ಕಾಗದದ ಹಕ್ಕೂ ಇಲ್ಲ, ಅವ ‘ಲೋನ್ ಶಾರ್ಕ್’. ಮತ್ತ ಇನ್ನೊಂದು, ಕೊಟ್ಟವ ತನ್ನ ಬಾಯಿಂದ ಎಂದೂ ಪೌಂಡ್ ಆಫ್ ಫ್ಲೆಶ್ ಅನ್ನಂಗಿಲ್ಲ. ಕೊಡಲಾರದವ ಅಂತಾನ, ಇಲ್ಲಾ ದಂಡಿಗೆ ನಿಂತು ನೋಡಾಂವ ಅಂತಾನ.

ಗುಳೇದಗುಡ್ಡದ ಅಕ್ಕ

ನಮ್ಮ ಓಣ್ಯಾಗ ವಾರದ ಸಂಘದ ಸಾಲದವರು ರಾತ್ರಿ ಬಂದು ಕಟ್ಟಿಮ್ಯಾಲ ಕುಂಡ್ರತಿದ್ರು. ಈಗ ಕಾಯ್ದೆ ಬಂದೈತಿ ಅಂತಾರಲ್ಲ, ಖರೇನ್ರಿ?

ನಿವೃತ್ತ ಕ್ಯಾಷಿಯರ್, ಬಾಗಲಕೋಟೆ

ಖರೆ. ಮೈಕ್ರೋಫೈನಾನ್ಸ್ ಸಾಲದ ವಸೂಲಿಗೆ ಬೆಳಿಗ್ಗೆ 9ಕ್ಕಿಂತ ಮೊದಲು, ಸಂಜೆ 6ರ ನಂತರ ಬರುವಂತಿಲ್ಲ ಅಂತ 2022ರ ರಿಸರ್ವ್ ಬ್ಯಾಂಕ್ ನಿಯಮವೇ ಇದೆ. ಅದರ ಮೇಲೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದು ಆಮೇಲೆ ಕಾಯ್ದೆ ಮಾಡಿತು. ರಾತ್ರಿ ಬಂದು ಕೂತರೆ ಪೊಲೀಸ್ ಠಾಣೆಗೆ ಹೇಳಿ. ಸಾಲ ಇದೆ ಎನ್ನುವುದು ಬೇರೆ, ಮನೆಮುಂದೆ ಮರ್ಯಾದೆ ತೆಗೆಯುವುದು ಬೇರೆ.

ಈಗ ನಿಮ್ಮ ತಮ್ಮನ ವಿಷಯ. ಮೊದಲು ವರದಿ ತರಿಸಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಅಂತ ನಾಲ್ಕು ಸಂಸ್ಥೆ ಇವೆ. ಪ್ರತಿಯೊಂದೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಪುಕ್ಕಟೆ ಕೊಡಬೇಕು. ಏಜೆಂಟನಿಗೆ ರೊಕ್ಕ ಕೊಡಬೇಡಿ. ಅದರಲ್ಲಿ ಬಿಟ್ಟ ಬಾಕಿ ಎಷ್ಟು ಅಂತ ಅಂಕಿ ಇರುತ್ತದೆ. ಅದು ನಿಮ್ಮ ಪತ್ರಕ್ಕೆ ಟ್ಯಾಲಿ ಆಗುತ್ತದೋ ನೋಡಿ, ಗುಮಾಸ್ತರು ಹೇಳಿದ ಬಡಗಿಯ ಎರಡು ತುಂಡಿನ ಹಾಗೆ. ಕೂಡದಿದ್ದರೆ ಆ ಸಂಸ್ಥೆಗೇ ತಕರಾರು ಹಾಕಿ. 30 ದಿನದಲ್ಲಿ ಬಗೆಹರಿಸದಿದ್ದರೆ ಆಮೇಲಿನ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ನಿಯಮ ಇದೆ.

ಕೂಡಿದರೆ ಸಾಲ ಕೊಟ್ಟವರಿಗೆ ಲಿಖಿತ ಅರ್ಜಿ ಕೊಡಿ: ಸೆಟಲ್‌ಮೆಂಟಿನಲ್ಲಿ ಬಿಟ್ಟ ಬಾಕಿ ತುಂಬಲು ಸಿದ್ಧ ಇದ್ದೇವೆ, ತುಂಬಿದ ಮೇಲೆ ಖಾತೆಯನ್ನು ‘ಕ್ಲೋಸ್ಡ್’ ಎಂದು ವರದಿ ಮಾಡುತ್ತೀರಾ ಅಂತ. ಅವರ ಒಪ್ಪಿಗೆ ಕಾಗದದ ಮೇಲೆ ಬರುವ ತನಕ ಒಂದು ರೂಪಾಯಿ ಕೊಡಬೇಡಿ.

ಗುಳೇದಗುಡ್ಡದ ಅಕ್ಕ

ಅವರು ಫೋನಿನ್ಯಾಗ ಹೂಂ ಅಂದಾರಂತ್ರಿ. ತುಂಬಿದ್ರ ಪತ್ರ ಕೊಡ್ತೀವಿ ಅಂತ.

ನಿವೃತ್ತ ಕ್ಯಾಷಿಯರ್, ಬಾಗಲಕೋಟೆ

ಫೋನಿನ ಹೂಂ ಯಾರ ವಹಿಯಲ್ಲೂ ಇಲ್ಲ ಅಕ್ಕಾರ. ಯಾವ ಪತ್ರ ಅಂತ ಕೇಳಿ. ‘ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್’ ಅಂತ ತಲೆಬರಹ ಇದ್ದರೆ ಮತ್ತೆ ಅದೇ ಕಥೆ. ‘ನೋ ಡ್ಯೂಸ್’ ಪತ್ರ ಬೇಕು, ನಮ್ಮ ಸೊಸೈಟಿಯವರು ಬೇಬಾಕಿ ಎನ್ನುತ್ತಾರಲ್ಲ, ಅದು. ಸಾಲದ ನಂಬರು, ತುಂಬಿದ ತಾರೀಖು, ಬಾಕಿ ಸೊನ್ನೆ ಎನ್ನುವ ಸಾಲು, ಸಹಿ-ಸಿಕ್ಕಾ ಇರಲಿ. ಸಾಲ ಕೊಡುವವರು ಈಗ ಕನಿಷ್ಠ ಹದಿನೈದು ದಿನಕ್ಕೊಮ್ಮೆಯಾದರೂ ಕ್ರೆಡಿಟ್ ಸಂಸ್ಥೆಗಳಿಗೆ ಮಾಹಿತಿ ಕಳಿಸಬೇಕು, ಹಾಗಾಗಿ ತುಂಬಿ ಒಂದೂವರೆ ತಿಂಗಳ ಮೇಲೆ ವರದಿ ಮತ್ತೊಮ್ಮೆ ತೆಗೆದು ನೋಡಿ. ಹಿಂದೆ ತಪ್ಪಿದ ಕಂತುಗಳ ಗುರುತು ಅದರಲ್ಲಿ ಉಳಿದೇ ಇರುತ್ತದೆ, ಸ್ಕೋರು ಒಮ್ಮೆಲೇ ಏರುವುದಿಲ್ಲ. ಮನೆ ಸಾಲದ ಅರ್ಜಿಯನ್ನು ಅಲ್ಲಿಯವರೆಗೆ ನಾಲ್ಕೈದು ಕಡೆ ಹಾಕುತ್ತಾ ಹೋಗಬೇಡಿ, ಪ್ರತಿ ಅರ್ಜಿಯ ವಿಚಾರಣೆಯೂ ಅಲ್ಲಿ ದಾಖಲಾಗುತ್ತದೆ.

ಜಮಖಂಡಿ ಹುಡುಗಿ

ಅಕ್ಕಾರ, ಅರ್ಜಿ ಇಂಗ್ಲಿಷ್‌ನಾಗ ಬೇಕಂದ್ರ ನಾ ಬರದು ಕೊಡ್ತೀನ್ರಿ. ಕ್ಯಾಷಿಯರ್ ಸರ್ ಒಮ್ಮೆ ತಿದ್ದಿ ಕೊಟ್ರ ಸಾಕು.

ಗುಳೇದಗುಡ್ಡದ ಅಕ್ಕ

ಬರದು ಇಲ್ಲೇ ಹಾಕವ್ವಾ, ಸಾಲದ ನಂಬರ್ ಜಾಗ ಖಾಲಿ ಬಿಡು. ತಮ್ಮಗ ಸೋಮವಾರ ಮಗ್ಗ ಬಿಡಿಸಿ ಕಳಸ್ತೀನಿ.